ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದೆಷ್ಟು?

(ಇಂಗ್ಲೆಂಡಿನಲ್ಲಿ ಸರ್ಕಾರದ ಭತ್ಯೆ ಪಡೆಯುವವರ ಪಾಲಿಗೆ ಖಾಸಗಿ ಬಾಡಿಗೆ ಮನೆ ಮತ್ತು ಕೌನ್ಸಿಲ್ ಮನೆ: ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಮೊಕದ್ದಮೆಯಿಂದ ಶುರು ಮಾಡುತ್ತೇನೆ. ಬರ್ಮಿಂಗ್‌ಹ್ಯಾಮ್ ಕಡೆ ನಾಲ್ಕು ಮಕ್ಕಳ ತಾಯಿಯೊಬ್ಬರು ಖಾಸಗಿ ಬಾಡಿಗೆ ಮನೆಯಲ್ಲಿದ್ದರು. ತಿಂಗಳ ಬಾಡಿಗೆ 700 ಪೌಂಡ್. ಅದಕ್ಕೆಂದು ಸರ್ಕಾರದಿಂದ ಬರುತ್ತಿದ್ದುದು 548 ಪೌಂಡ್ 51 ಪೆನ್ಸ್. ಉಳಿದ 151 ಪೌಂಡ್ 49 ಪೆನ್ಸನ್ನು ಅವರು ಊಟ, ಬಟ್ಟೆ, ಕರೆಂಟಿಗೆಂದು ಬರುತ್ತಿದ್ದ 1,349 ಪೌಂಡಿನಿಂದಲೇ ತೆಗೆಯಬೇಕಿತ್ತು. ಆಗಲಿಲ್ಲ. ಬಾಕಿ ಬಿತ್ತು, 2011ರಲ್ಲಿ ಮನೆ ಹೋಯಿತು. ಕೌನ್ಸಿಲ್‌ನ, ಎಂದರೆ ಅಲ್ಲಿನ ನಗರಸಭೆಯ ಬಾಗಿಲು ತಟ್ಟಿದರೆ, ಇವರು ತಾವಾಗಿಯೇ ಮನೆ ಕಳೆದುಕೊಂಡವರು ಎಂಬ ತೀರ್ಮಾನ ಬಂತು. ಮನೆಖರ್ಚನ್ನು ಸ್ವಲ್ಪ ಹಿಡಿತದಲ್ಲಿ ಇಟ್ಟಿದ್ದರೆ ವ್ಯತ್ಯಾಸ ತುಂಬಿಸಬಹುದಿತ್ತು ಎಂಬುದು ಅಧಿಕಾರಿಗಳ ವಾದ. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಮಾನವನ್ನು ತಳ್ಳಿಹಾಕಿತು. ಜೀವನ ನಿರ್ವಹಣೆಗೆಂದು ಕೊಡುವ ಭತ್ಯೆಯಲ್ಲಿ ಬಾಡಿಗೆಗೆ ತುಂಬಿಕೊಡುವಷ್ಟು ಮಿಗುತ್ತದೆ ಎಂದು ಎಣಿಸಲು ಆಧಾರವಿಲ್ಲ, ಆ ಭತ್ಯೆ ಇರುವುದೇ ಬದುಕಿ ಉಳಿಯುವಷ್ಟಕ್ಕೆ ಎಂಬುದು ತೀರ್ಪಿನ ಸಾರ.

ಇವತ್ತು ನಾನು ಹೇಳಬೇಕಾದ್ದೆಲ್ಲ ಆ 151 ಪೌಂಡಿನ ಸುತ್ತ ಇದೆ. ಅದು ಎಲ್ಲಿಂದ ಹುಟ್ಟುತ್ತದೆ, ಕೌನ್ಸಿಲ್ ಮನೆಯಲ್ಲಿ ಯಾಕೆ ಹುಟ್ಟುವುದಿಲ್ಲ, ಹುಟ್ಟದಂತೆ ನೋಡಿಕೊಳ್ಳಲು ಕರಾರಿಗೆ ಸಹಿ ಹಾಕುವ ಮುಂಚೆ ಏನು ಲೆಕ್ಕ ಹಾಕಬೇಕು ಎಂಬುದು.

ಮೊದಲು ಪದಗಳು. ನಮ್ಮ ಕಡೆ ಸರ್ಕಾರಿ ಮನೆ ಎಂದರೆ ಆಶ್ರಯ ಮನೆ, ಹಕ್ಕುಪತ್ರ, ನಮ್ಮ ಹೆಸರಿಗೆ ಖಾತೆ. ಇಂಗ್ಲೆಂಡಿನ ಸೋಷಿಯಲ್ ಹೌಸಿಂಗ್ ಹಾಗಲ್ಲ. ಮನೆ ಕೌನ್ಸಿಲ್‌ನದು, ಇಲ್ಲವೇ ಲಾಭಕ್ಕೆಂದು ನಡೆಸದ ಹೌಸಿಂಗ್ ಅಸೋಸಿಯೇಷನ್‌ನದು. ನೀವು ಬಾಡಿಗೆದಾರರು. ಆದರೆ ಬಾಡಿಗೆಯನ್ನು ಒಂದು ಸೂತ್ರದ ಪ್ರಕಾರ ಗೊತ್ತುಮಾಡುತ್ತಾರೆ. ಆ ಪ್ರದೇಶದ ಸಂಬಳದ ಮಟ್ಟ, ಮನೆಯ 1999ರ ಬೆಲೆ, ಕೋಣೆಗಳ ಸಂಖ್ಯೆ ಸೇರಿ ಬಾಡಿಗೆ ನಿಗದಿಯಾಗುತ್ತದೆ. ಮಾರುಕಟ್ಟೆ ಎಷ್ಟೇ ಏರಲಿ, ಅದು ಈ ಸೂತ್ರದೊಳಗೆ ನೇರವಾಗಿ ಬರುವುದಿಲ್ಲ.

ಇಂಥ ಮನೆಗಳು ಒಂದು ಕಾಲಕ್ಕೆ ಹೇರಳವಾಗಿದ್ದವು. 1919ರ ಅಡಿಸನ್ ಕಾಯ್ದೆಯಿಂದ ಶುರುವಾಗಿ ಕೌನ್ಸಿಲ್‌ಗಳು ಲಕ್ಷಗಟ್ಟಲೆ ಮನೆ ಕಟ್ಟಿದವು. 1970ರ ದಶಕದ ಕೊನೆಗೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಕುಟುಂಬ ಇಂಥ ಮನೆಯಲ್ಲಿತ್ತು. 1980ರ ಕಾಯ್ದೆ ಬಾಡಿಗೆದಾರರಿಗೆ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಆಮೇಲೆ ಇಂಗ್ಲೆಂಡ್ ಒಂದರಲ್ಲೇ ಸುಮಾರು 20 ಲಕ್ಷ ಮನೆ ಮಾರಾಟವಾದವು, ಅಷ್ಟು ಮನೆ ಮತ್ತೆ ಕಟ್ಟಲಿಲ್ಲ. 1988ರ ಕಾಯ್ದೆ ಖಾಸಗಿ ಬಾಡಿಗೆಯ ಮೇಲಿದ್ದ ಹಿಡಿತ ತೆಗೆಯಿತು. ಬಾಡಿಗೆ ಏರಿದರೆ ಏರಲಿ, ಬಡವರಿಗೆ ಭತ್ಯೆ ಕೊಟ್ಟು ಸರಿದೂಗಿಸೋಣ ಎಂಬುದು ಆಗಿನ ಲೆಕ್ಕಾಚಾರ. ಇಟ್ಟಿಗೆಗೆ ಹೋಗುತ್ತಿದ್ದ ದುಡ್ಡು ಬಾಡಿಗೆಗೆ ಹೋಗತೊಡಗಿತು. ಮುಂದೆ ಆ ಭತ್ಯೆಯನ್ನೂ ಕತ್ತರಿಸಿದರು. ಇದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ. ಅಗ್ಗದ ಮನೆಯನ್ನು ತೆಗೆದಾಗ ಬದಲಿಗೆ ಕೊಟ್ಟ ಮಾತನ್ನೇ ಹಿಂತೆಗೆದುಕೊಂಡ ಹಾಗಾಯಿತು.

ಕತ್ತರಿಸಿದ್ದು ಹೇಗೆ ಎಂಬುದು ತಿಳಿದಿರಬೇಕು. ದುಡಿಯುವ ವಯಸ್ಸಿನವರಿಗೆ ಈಗ ಮುಖ್ಯ ಭತ್ಯೆಗಳು ಯೂನಿವರ್ಸಲ್ ಕ್ರೆಡಿಟ್ ಎಂಬ ಒಂದೇ ತಿಂಗಳ ಪಾವತಿಯಲ್ಲಿ ಬರುತ್ತವೆ. ಅದರೊಳಗೆ ಬಾಡಿಗೆಯದೊಂದು ಭಾಗ. ಖಾಸಗಿ ಮನೆಯಾದರೆ ಆ ಭಾಗಕ್ಕೆ ಮಿತಿ ಹಾಕುವುದು ಲೋಕಲ್ ಹೌಸಿಂಗ್ ಅಲೋಯನ್ಸ್, ಬಾಯಿಮಾತಿನಲ್ಲಿ ಎಲ್‌ಎಚ್‌ಎ. ದೇಶವನ್ನು ಬಾಡಿಗೆ ಪ್ರದೇಶಗಳಾಗಿ ಹಂಚಿ, ಪ್ರತಿ ಪ್ರದೇಶದಲ್ಲಿ ಒಂದು ಕೋಣೆ, ಎರಡು ಕೋಣೆ, ಹೀಗೆ ನಾಲ್ಕು ಮಲಗುವ ಕೋಣೆಯವರೆಗೆ ಒಂದೊಂದು ದರ ಗೊತ್ತುಮಾಡುತ್ತಾರೆ. ನಿಮ್ಮ ನಿಜವಾದ ಬಾಡಿಗೆ, ಎಲ್‌ಎಚ್‌ಎ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ.

2008ರಲ್ಲಿ ದೇಶದೆಲ್ಲೆಡೆ ಶುರುವಾದಾಗ ಈ ದರ ಬಾಡಿಗೆಗಳ ಸಾಲಿನ ನಟ್ಟನಡುವಿನ ಮನೆಗೆ ಸಮನಾಗಿತ್ತು. 2011ರಿಂದ ಕೆಳಗಿನಿಂದ ಶೇ. 30ರ ಮಟ್ಟಕ್ಕೆ ಇಳಿಸಿದರು. ಎಂದರೆ ನೂರು ಮನೆಯಲ್ಲಿ ಅಗ್ಗದ ಮೂವತ್ತಕ್ಕೆ ಮಾತ್ರ ಸಾಲಬೇಕು. 2016ರಿಂದ ನಾಲ್ಕು ವರ್ಷ ದರವನ್ನು ಅಲುಗಾಡಿಸಲಿಲ್ಲ. ಕೋವಿಡ್ ಬಂದಾಗ, 2020ರ ಏಪ್ರಿಲ್‌ನಲ್ಲಿ ಮತ್ತೆ ಶೇ. 30ಕ್ಕೆ ಸರಿಮಾಡಿದರು, ಮರುವರ್ಷದಿಂದ ಮತ್ತೆ ನಿಲ್ಲಿಸಿದರು. 2024ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಸರಿಮಾಡಿದರು, 2025ರ ಏಪ್ರಿಲ್‌ನಲ್ಲಿ ಏರಿಸಲಿಲ್ಲ. ದರ ನಿಂತ ವರ್ಷ ಮಾಲೀಕರು 40 ಪೌಂಡ್ ಏರಿಸಿದರೆ, ಆ 40 ಪೌಂಡೂ ಬಾಡಿಗೆದಾರರ ಅಡುಗೆಮನೆಯಿಂದಲೇ ಹೋಗುತ್ತದೆ.

ಹೊಸದಾಗಿ ಸರಿಮಾಡಿದ ವರ್ಷವೂ ದರ ಸಾಲದೇ ಹೋಗುವುದಕ್ಕೆ ಎರಡು ಕಾರಣ. ಒಂದು, ದರ ಲೆಕ್ಕ ಹಾಕುವುದು ಹಿಂದಿನ ವರ್ಷ ಸಂಗ್ರಹಿಸಿದ ಬಾಡಿಗೆಗಳಿಂದ. ಅದರಲ್ಲಿ ಹಳೆಯ ಬಾಡಿಗೆದಾರರು ಕಟ್ಟುತ್ತಿರುವ ಹಳೆಯ ಬಾಡಿಗೆಗಳೂ ಸೇರಿರುತ್ತವೆ. ಇವತ್ತು ಮನೆ ಹುಡುಕುವವರಿಗೆ ಜಾಹೀರಾತಿನಲ್ಲಿ ಕಾಣುವ ಬಾಡಿಗೆ ಅದಕ್ಕಿಂತ ಮೇಲಿರುತ್ತದೆ. ಎರಡು, ಬಾಡಿಗೆ ಪ್ರದೇಶ ಬಹಳ ದೊಡ್ಡದು. ಕೇಂಬ್ರಿಡ್ಜ್ ಪ್ರದೇಶದ ಲೆಕ್ಕದೊಳಗೆ ಸುತ್ತಲಿನ ಅಗ್ಗದ ಸಣ್ಣ ಊರುಗಳೂ ಬರುತ್ತವೆ. ದರವನ್ನು ಅವು ಕೆಳಗೆ ಎಳೆಯುತ್ತವೆ. ನಗರದೊಳಗೆ ಆ ದರಕ್ಕೆ ಮನೆ ಸಿಗುವುದಿಲ್ಲ.

ಒಂಟಿಯಾಗಿರುವ, 35 ತುಂಬದವರಿಗೆ ಇನ್ನೂ ಬಿಗಿ. ಅವರು ಒಂದು ಕೋಣೆಯ ಮನೆ ಹಿಡಿದರೂ ಸಿಗುವುದು ಹಂಚಿಕೊಂಡ ಮನೆಯ ಒಂದು ಕೋಣೆಯ ದರ ಮಾತ್ರ. 2012ರವರೆಗೆ ಈ ವಯಸ್ಸಿನ ಗೆರೆ 25 ಇತ್ತು. ಅಂಗವಿಕಲರಿಗೆ ಕೊಡುವ ಕೆಲವು ಭತ್ಯೆ ಪಡೆಯುವವರು, ಅನಾಥಾಲಯ ಅಥವಾ ಸಾಕುಮನೆಯಲ್ಲಿ ಬೆಳೆದ 25ರ ಒಳಗಿನವರು, ಮನೆಯೊಳಗಿನ ಹಿಂಸೆಯಿಂದ ಪಾರಾಗಿ ಬಂದವರು, ಇಂಥವರಿಗೆ ವಿನಾಯಿತಿ ಉಂಟು. ಆದರೆ ಅದು ತಾನಾಗಿ ಬರುವುದಿಲ್ಲ, ಕೇಳಿಯೇ ಪಡೆಯಬೇಕು. ಅದೇ 28ರ ಯುವಕನಿಗೆ ಒಂದು ಕೋಣೆಯ ಕೌನ್ಸಿಲ್ ಮನೆ ಸಿಕ್ಕಿದರೆ ಬಾಡಿಗೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ವಯಸ್ಸು ಯಾರೂ ಕೇಳುವುದಿಲ್ಲ.

ಎರಡರ ನಡುವಿನ ಮುಖ್ಯ ವ್ಯತ್ಯಾಸ ಇದೇ. ಖಾಸಗಿ ಮನೆಯಲ್ಲಿ ಸರ್ಕಾರ ಒಂದು ಕಾಗದದ ಬಾಡಿಗೆಯನ್ನು ಎಣಿಸುತ್ತದೆ, ಸೋಷಿಯಲ್ ಹೌಸಿಂಗ್‌ನಲ್ಲಿ ನಿಜವಾದ ಬಾಡಿಗೆಯನ್ನು ಎಣಿಸುತ್ತದೆ. ಕೌನ್ಸಿಲ್ ಏಪ್ರಿಲ್‌ನಲ್ಲಿ ಬಾಡಿಗೆ ಏರಿಸಿದರೆ, ನೀವು ಅದನ್ನು ತಿಳಿಸಿದಾಗ ಭತ್ಯೆಯೂ ಜೊತೆಗೇ ಏರುತ್ತದೆ.

ಹಾಗೆಂದು ಕೌನ್ಸಿಲ್ ಮನೆ ಎಂದಕೂಡಲೇ ನಿಶ್ಚಿಂತೆ ಎನ್ನಲಾಗದು. 2011ರಿಂದ 'ಅಫೋರ್ಡಬಲ್ ರೆಂಟ್' ಎಂಬ ಇನ್ನೊಂದು ಬಗೆ ಬಂದಿದೆ. ಹೆಸರು ಕೇಳಿದರೆ ಎಲ್ಲಕ್ಕಿಂತ ಅಗ್ಗ ಅನ್ನಿಸುತ್ತದೆ. ನಿಜದಲ್ಲಿ ಅದು ಮಾರುಕಟ್ಟೆ ಬಾಡಿಗೆಯ ಶೇ. 80ರವರೆಗೆ ಹೋಗಬಹುದು. ಮನೆಗೆ ಅರ್ಜಿ ಹಾಕುವಾಗ 'ಸೋಷಿಯಲ್ ರೆಂಟ್' ಎಂದಿದೆಯೋ 'ಅಫೋರ್ಡಬಲ್ ರೆಂಟ್' ಎಂದಿದೆಯೋ ನೋಡಿ. ಇನ್ನೊಂದು, ಬಾಡಿಗೆ ಜೊತೆಗೆ ಬರುವ ಸರ್ವಿಸ್ ಚಾರ್ಜ್. ಲಿಫ್ಟು, ಮೆಟ್ಟಿಲ ದೀಪ, ಹೊರಾಂಗಣ ಗುಡಿಸುವ ಖರ್ಚು ಭತ್ಯೆಯೊಳಗೆ ಸೇರುತ್ತದೆ. ನಿಮ್ಮ ಮನೆಯೊಳಗಿನ ಹೀಟಿಂಗ್, ನೀರಿನ ಬಿಲ್ಲು ಸೇರುವುದಿಲ್ಲ. ಎರಡನ್ನೂ ಒಟ್ಟಿಗೆ ಬಾಡಿಗೆ ಎಂದು ವಸೂಲು ಮಾಡುವ ಕಟ್ಟಡಗಳುಂಟು. ವಿವರದ ಪಟ್ಟಿ ಕೇಳಿ ಪಡೆಯಬೇಕು.

ಕೋಣೆಗಳ ಲೆಕ್ಕ ಎರಡೂ ಕಡೆ ಒಂದೇ. ದಂಪತಿಗೆ ಒಂದು, 16 ದಾಟಿದ ಪ್ರತಿಯೊಬ್ಬರಿಗೂ ಒಂದು. 16 ತುಂಬದ ಇಬ್ಬರು ಗಂಡುಮಕ್ಕಳಿಗೆ ಅಥವಾ ಇಬ್ಬರು ಹೆಣ್ಣುಮಕ್ಕಳಿಗೆ ಸೇರಿ ಒಂದು. ಹತ್ತು ತುಂಬದ ಮಕ್ಕಳಾದರೆ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಇಬ್ಬರಿಗೆ ಒಂದು. ಸೋಷಿಯಲ್ ಹೌಸಿಂಗ್‌ನಲ್ಲಿ ಇದಕ್ಕಿಂತ ಒಂದು ಕೋಣೆ ಹೆಚ್ಚಿದ್ದರೆ 2013ರಿಂದ ಬಾಡಿಗೆಯ ಶೇ. 14, ಎರಡು ಅಥವಾ ಹೆಚ್ಚಿದ್ದರೆ ಶೇ. 25 ಭತ್ಯೆಯಿಂದ ಕಡಿತ. ಜನ ಇದನ್ನು ಬೆಡ್‌ರೂಮ್ ಟ್ಯಾಕ್ಸ್ ಎನ್ನುತ್ತಾರೆ. ವಾರಕ್ಕೆ 110 ಪೌಂಡ್ ಬಾಡಿಗೆಯ ಮನೆಯಲ್ಲಿ ದೊಡ್ಡ ಮಗ ಕೆಲಸಕ್ಕೆಂದು ಬೇರೆ ಊರಿಗೆ ಹೋದ, ಅವನ ಕೋಣೆ ಖಾಲಿಯಾಯಿತು ಎನ್ನಿ. ವಾರಕ್ಕೆ 15 ಪೌಂಡ್ 40 ಪೆನ್ಸ್ ಹೋಯಿತು, ತಿಂಗಳಿಗೆ ಸುಮಾರು 67 ಪೌಂಡ್. ಸ್ಕಾಟ್‌ಲೆಂಡಿನಲ್ಲಿ ಅಲ್ಲಿನ ಸರ್ಕಾರ ಈ ಕಡಿತವನ್ನು ತುಂಬಿಕೊಡುತ್ತದೆ, ಇಂಗ್ಲೆಂಡಿನಲ್ಲಿ ಇಲ್ಲ.

ಈಗ ಒಂದು ಮನೆಯ ಲೆಕ್ಕವನ್ನು ಬಿಡಿಸಿ ಬಿಡಿಸಿ ನೋಡೋಣ. 2025–26ರ ದರ. ಲಂಡನ್ನಿನಿಂದ ಹೊರಗೆ, ಒಂಟಿ ತಾಯಿ, ವಯಸ್ಸು 25 ದಾಟಿದೆ. 2017ರ ಏಪ್ರಿಲ್ ನಂತರ ಹುಟ್ಟಿದ ಇಬ್ಬರು ಮಕ್ಕಳು. ಸದ್ಯ ಕೆಲಸವಿಲ್ಲ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ತಾಯಿಗೆ 400.14, ಮಕ್ಕಳಿಗೆ ತಲಾ 292.81. ಬೇರೆಯಾಗಿ ಬರುವ ಚೈಲ್ಡ್ ಬೆನಿಫಿಟ್ ವಾರಕ್ಕೆ 43.30, ತಿಂಗಳಿಗೆ 187.63. ಎಲ್ಲ ಸೇರಿ 1,173.39 ಪೌಂಡ್. ಇದು ಬಾಡಿಗೆ ಬಿಟ್ಟು ಮನೆ ನಡೆಸುವ ದುಡ್ಡು.

ಎರಡು ಕೋಣೆಯ ಖಾಸಗಿ ಮನೆ ನೋಡಿದರು. ದುಂಡು ಅಂಕಿಯಲ್ಲಿ ಬಾಡಿಗೆ 800, ಎಲ್‌ಎಚ್‌ಎ 750 ಎಂದುಕೊಳ್ಳಿ. 'ಐವತ್ತು ತಾನೇ, ಹೇಗೋ ಹೊಂದಿಸೋಣ' ಎಂದು ಸಹಿ ಹಾಕುತ್ತಾರೆ. ತಪ್ಪಾಗುವುದು ಇಲ್ಲೇ. ಬೆನಿಫಿಟ್ ಕ್ಯಾಪ್ ಎಂಬ ಇನ್ನೊಂದು ಮಿತಿ ಇದೆ. ಕೆಲಸವಿಲ್ಲದ ಅಥವಾ ತೀರ ಕಡಿಮೆ ದುಡಿಮೆಯ ಕುಟುಂಬಕ್ಕೆ ಎಲ್ಲ ಭತ್ಯೆಯ ಮೊತ್ತ ಲಂಡನ್ನಿನ ಹೊರಗೆ ತಿಂಗಳಿಗೆ 1,835 ಪೌಂಡ್ ದಾಟುವಂತಿಲ್ಲ. 1,173.39ಕ್ಕೆ 750 ಕೂಡಿಸಿದರೆ 1,923.39. ಮಿತಿಗಿಂತ 88.39 ಹೆಚ್ಚಾಯಿತು, ಅಷ್ಟನ್ನು ಕಡಿದುಬಿಡುತ್ತಾರೆ. ಐವತ್ತರ ಕೊರತೆ 138.39 ಆಯಿತು. ಬಾಡಿಗೆ ಕಟ್ಟಿದ ಮೇಲೆ ಮೂರು ಜನಕ್ಕೆ 1,035 ಪೌಂಡ್.

ಅದೇ ತಾಯಿಗೆ ವಾರಕ್ಕೆ 110 ಪೌಂಡಿನ ಕೌನ್ಸಿಲ್ ಮನೆ. ತಿಂಗಳಿಗೆ 476.67. ಒಟ್ಟು 1,650.06, ಮಿತಿಯೊಳಗೇ ಇದೆ. ಬಾಡಿಗೆ ಕಟ್ಟಿದ ಮೇಲೆ ಪೂರ್ತಿ 1,173.39 ಕೈಯಲ್ಲಿ ಉಳಿಯುತ್ತದೆ. ವರ್ಷಕ್ಕೆ 1,660 ಪೌಂಡಿನ ಅಂತರ, ಒಂದೇ ಕುಟುಂಬ, ಒಂದೇ ಊರು.

ಕ್ಯಾಪ್ ಇರುವವರು ಲೆಕ್ಕವನ್ನು ತಿರುಗಿಸಿ ಹಾಕಬೇಕು. 1,835ರಲ್ಲಿ 1,173.39 ಕಳೆದರೆ 661.61. ಈ ತಾಯಿಗೆ ಬಾಡಿಗೆಯೆಂದು ಸಿಗುವ ಗರಿಷ್ಠ ಅಷ್ಟೇ, ಎಲ್‌ಎಚ್‌ಎ ಪಟ್ಟಿಯಲ್ಲಿ ಎಷ್ಟೇ ಬರೆದಿರಲಿ. ಲಂಡನ್ನಿನಲ್ಲಿ ಕ್ಯಾಪ್ 2,110.25, ಹಾಗಾಗಿ 936.86. ಲಂಡನ್ನಿನ ಖಾಸಗಿ ಮಾರುಕಟ್ಟೆಯಲ್ಲಿ ಆ ದುಡ್ಡಿಗೆ ಎರಡು ಕೋಣೆಯ ಮನೆ ಎಲ್ಲಿದೆ? ಮಕ್ಕಳು ಹೆಚ್ಚಿದಷ್ಟೂ ಈ ಸಂಖ್ಯೆ ಕುಗ್ಗುತ್ತದೆ. ಎರಡು ಮಕ್ಕಳಿಗೆ ಮಾತ್ರ ಭತ್ಯೆ ಎಂಬ ನಿಯಮವನ್ನು 2026ರ ಏಪ್ರಿಲ್‌ನಿಂದ ತೆಗೆಯುವುದಾಗಿ 2025ರ ನವೆಂಬರ್ ಬಜೆಟ್‌ನಲ್ಲಿ ಘೋಷಿಸಿದರು. ಒಳ್ಳೆಯ ಕೆಲಸ. ಆದರೆ ಆಗಲೇ ಕ್ಯಾಪ್‌ಗೆ ತಾಗಿರುವ ಮನೆಗೆ ಮೂರನೆಯ ಮಗುವಿನ ಭತ್ಯೆ ಒಂದು ಕೈಯಲ್ಲಿ ಬಂದು ಇನ್ನೊಂದು ಕೈಯಲ್ಲಿ ಹೋಗುತ್ತದೆ.

ಕ್ಯಾಪ್‌ನಿಂದ ಹೊರಬರುವ ಮುಖ್ಯ ದಾರಿ ಎರಡು. ಪಿಐಪಿಯಂಥ ಅಂಗವೈಕಲ್ಯ ಭತ್ಯೆ, ಆರೈಕೆ ಮಾಡುವವರ ಭತ್ಯೆ ನಿಮಗೆ, ಸಂಗಾತಿಗೆ ಅಥವಾ ನಿಮ್ಮನ್ನು ಅವಲಂಬಿಸಿದ ಮಕ್ಕಳಿಗೆ ಬರುತ್ತಿದ್ದರೆ ಕ್ಯಾಪ್ ಅನ್ವಯಿಸುವುದಿಲ್ಲ. ಇಲ್ಲವೇ, 2025–26ರ ಲೆಕ್ಕದಲ್ಲಿ, ತಿಂಗಳಿಗೆ 846 ಪೌಂಡ್ ದುಡಿಯಬೇಕು, ವಾರಕ್ಕೆ 16 ಗಂಟೆಯ ಕನಿಷ್ಠ ವೇತನ ಅದು. ಈ ತಾಯಿಗೆ ಅಷ್ಟು ಕೆಲಸ ಸಿಕ್ಕರೆ ಮೊದಲ 411 ಪೌಂಡ್ ದುಡಿಮೆಗೆ ಏನೂ ಕಡಿತವಿಲ್ಲ, ಉಳಿದ 435ರಲ್ಲಿ ಶೇ. 55, ಎಂದರೆ 239.25, ಯೂನಿವರ್ಸಲ್ ಕ್ರೆಡಿಟ್‌ನಿಂದ ಹೋಗುತ್ತದೆ. 800ರ ಖಾಸಗಿ ಮನೆಯಲ್ಲೂ ಬಾಡಿಗೆ ಕಳೆದು 1,730 ಪೌಂಡ್ ಉಳಿಯುತ್ತದೆ. ಕೌನ್ಸಿಲ್ ಮನೆಯಾದರೆ 1,780. ಅಂತರ ಐವತ್ತಕ್ಕೆ ಇಳಿಯಿತು. ಮಗುವನ್ನು ನೋಡಿಕೊಳ್ಳುವ ಖರ್ಚಿನಲ್ಲಿ ಶೇ. 85 ವಾಪಸು ಸಿಗುತ್ತದೆ, ಆದರೆ ಮೊದಲು ಕಟ್ಟಿ ರಸೀದಿ ತೋರಿಸಿದ ಮೇಲೆ. ಕೈಯಲ್ಲಿ ಮೊದಲ ಕಂತಿಲ್ಲದೆ ಕೆಲಸವನ್ನೇ ಬಿಟ್ಟುಕೊಟ್ಟವರುಂಟು. ಆ ಕಂತಿಗೆ ಜಾಬ್‌ಸೆಂಟರ್ ಎಂಬ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ ನೆರವು ಕೇಳಬಹುದು.

ಸಹಿಗೆ ಮುಂಚೆ ಮಾಡಬೇಕಾದ್ದು ಹೀಗೆ. ಮನೆಯ ಪೋಸ್ಟ್‌ಕೋಡ್ ಹಾಕಿ ಸರ್ಕಾರಿ ತಾಣದಲ್ಲಿ ಎಲ್‌ಎಚ್‌ಎ ನೋಡಿ. ನಿಮಗೆ ಎಷ್ಟು ಕೋಣೆಯ ಅರ್ಹತೆ ಇದೆ ಎಂದು ಎಣಿಸಿ, ಮನೆಯಲ್ಲಿರುವ ಕೋಣೆಗಳನ್ನಲ್ಲ. ಆಮೇಲೆ ಕ್ಯಾಪ್ ಲೆಕ್ಕ. ವಾರದ ಅಂಕಿಯನ್ನು ತಿಂಗಳಿಗೆ ತರುವಾಗ ನಾಲ್ಕರಿಂದ ಗುಣಿಸಬೇಡಿ, 52ರಿಂದ ಗುಣಿಸಿ 12ರಿಂದ ಭಾಗಿಸಿ. 110ನ್ನು ನಾಲ್ಕರಿಂದ ಗುಣಿಸಿದವರು 440 ಎತ್ತಿಡುತ್ತಾರೆ, ಬೇಕಾದ್ದು 476.67. ಪ್ರತಿ ತಿಂಗಳೂ 36 ಪೌಂಡ್ ಬಾಕಿ ಬೀಳುತ್ತಾ ಹೋಗುತ್ತದೆ, ಆರು ತಿಂಗಳ ಮೇಲೆ ಕೌನ್ಸಿಲ್‌ನ ಪತ್ರ ಬಂದಾಗಲೇ ಗೊತ್ತಾಗುವುದು. ವಾರದ ಬಾಡಿಗೆ ಬೀಳುವ ಸೋಮವಾರಗಳು 53 ಬಂದ ವರ್ಷ, 2024–25ರ ಹಾಗೆ, ವಾರದ ಬಾಡಿಗೆಯೂ 53 ಸಲ ಬರುತ್ತದೆ. ಯೂನಿವರ್ಸಲ್ ಕ್ರೆಡಿಟ್ ಎಣಿಸುವುದು 52 ಮಾತ್ರ.

ಒಳಹೋಗುವ ಖರ್ಚೂ ಬೇರೆ ಬೇರೆ. ಖಾಸಗಿ ಮನೆಗೆ ಅಡ್ವಾನ್ಸ್ 2019ರ ಕಾನೂನಿನಂತೆ ಐದು ವಾರದ ಬಾಡಿಗೆ ಮೀರುವಂತಿಲ್ಲ, ಜೊತೆಗೆ ಮೊದಲ ತಿಂಗಳ ಬಾಡಿಗೆ. 800ರ ಮನೆಗೆ ಸೇರಿಸಿದರೆ ಸುಮಾರು 1,720 ಪೌಂಡ್. ಏಜೆಂಟರು ವರ್ಷದ ಆದಾಯ ತಿಂಗಳ ಬಾಡಿಗೆಯ 30 ಪಟ್ಟು ಇರಬೇಕೆಂದು ಕೇಳುವುದು ರೂಢಿ, ಅಂದರೆ 24,000. ಇಲ್ಲದಿದ್ದರೆ ಜಾಮೀನುದಾರ. 'ಬೆನಿಫಿಟ್ ಪಡೆಯುವವರಿಗೆ ಮನೆ ಇಲ್ಲ' ಎಂದು ಸಾರಾಸಗಟು ಹೇಳುವುದು ಕಾನೂನುಬಾಹಿರ ಭೇದ ಎಂದು ಯಾರ್ಕ್ ಕೌಂಟಿ ಕೋರ್ಟ್ 2020ರಲ್ಲಿ ಹೇಳಿತು. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ಕಾರಣ ಕೊಡದೆ ಮನೆ ಬಿಡಿಸುವ ನೋಟಿಸ್ ರದ್ದು, ಬಾಡಿಗೆ ಏರಿಕೆ ವರ್ಷಕ್ಕೊಮ್ಮೆ ಮಾತ್ರ ಎಂಬವು 2026ರ ಮೇ 1ರಿಂದ ಎಂದು ಗೊತ್ತುಪಡಿಸಿದ ಬದಲಾವಣೆಗಳು. ಇದರಿಂದ ನೆಲೆ ಗಟ್ಟಿಯಾಗುತ್ತದೆ, ನಿಜ. ಎಲ್‌ಎಚ್‌ಎ ಕೊರತೆ ತುಂಬುವುದಿಲ್ಲ.

ಕೌನ್ಸಿಲ್ ಮನೆಗೆ ಸಾಮಾನ್ಯವಾಗಿ ಅಡ್ವಾನ್ಸ್ ಇಲ್ಲ. ಆದರೆ ಬಾಗಿಲು ತೆಗೆದರೆ ಮನೆ ಬೋಳಾಗಿರುತ್ತದೆ. ಬಹಳಷ್ಟು ಕಡೆ ಹಿಂದಿನವರ ಕಾರ್ಪೆಟ್ ಕಿತ್ತು ತೆಗೆದಿರುತ್ತಾರೆ, ಕಾಲಿಗೆ ತಾಗುವುದು ತಣ್ಣನೆಯ ಕಾಂಕ್ರೀಟು ಅಥವಾ ಮರದ ಹಲಗೆ. ಒಲೆ ಇಲ್ಲ, ಫ್ರಿಜ್ ಇಲ್ಲ, ಕಿಟಕಿಗೆ ಪರದೆ ಇಲ್ಲ. ಕೀಲಿ ಕೊಟ್ಟ ವಾರದಿಂದ ಬಾಡಿಗೆ ಶುರು, ಹಳೆಯ ಮನೆಗೆ ಕೊಟ್ಟ ನೋಟಿಸ್ ಇನ್ನೂ ಮುಗಿದಿರುವುದಿಲ್ಲ. ಯೂನಿವರ್ಸಲ್ ಕ್ರೆಡಿಟ್ ಕೆಲವೇ ಸಂದರ್ಭ ಬಿಟ್ಟರೆ ಒಂದೇ ಮನೆಯ ಬಾಡಿಗೆ ಕೊಡುತ್ತದೆ. ಹೀಗೆ ಎರಡು ಬಾಡಿಗೆ ತಲೆಮೇಲೆ ಬಂದಾಗ ಕೌನ್ಸಿಲ್‌ನ ವಿವೇಚನಾ ನೆರವಿಗೆ ಅರ್ಜಿ ಹಾಕಬೇಕು, ಮನೆ ಬದಲಿಸುವ ಮೊದಲೇ. ಇಷ್ಟು ದಿನ ಡಿಸ್ಕ್ರೆಷನರಿ ಹೌಸಿಂಗ್ ಪೇಮೆಂಟ್ ಎಂಬ ಹೆಸರಿತ್ತು, ಇಂಗ್ಲೆಂಡಿನಲ್ಲಿ 2026ರ ಏಪ್ರಿಲ್‌ನಿಂದ ಅದರ ಜಾಗಕ್ಕೆ ಬರುವುದು ಕ್ರೈಸಿಸ್ ಅಂಡ್ ರೆಸಿಲಿಯನ್ಸ್ ಫಂಡ್.

ಹಾಗಾದರೆ ಎಲ್ಲರೂ ಕೌನ್ಸಿಲ್ ಮನೆಗೇ ಹೋಗಲಿ ಎನ್ನಬಹುದೇ? 2024ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕೌನ್ಸಿಲ್ ಪಟ್ಟಿಗಳಲ್ಲಿ 13 ಲಕ್ಷಕ್ಕೂ ಹೆಚ್ಚು ಕುಟುಂಬ ಕಾಯುತ್ತಿದ್ದವು. ಅರ್ಜಿದಾರರನ್ನು ಅಗತ್ಯಕ್ಕೆ ತಕ್ಕಂತೆ ಬ್ಯಾಂಡ್‌ಗಳಾಗಿ ವಿಂಗಡಿಸುತ್ತಾರೆ, ಖಾಲಿ ಮನೆಗಳನ್ನು ತಾಣದಲ್ಲಿ ಹಾಕುತ್ತಾರೆ, ಬೇಕಾದವರು 'ಬಿಡ್' ಮಾಡಬೇಕು. ದುಡ್ಡಿನ ಹರಾಜಲ್ಲ, ಆಸಕ್ತಿ ತೋರಿಸುವುದಷ್ಟೆ. ಮೇಲಿನ ಬ್ಯಾಂಡ್, ಅದರೊಳಗೆ ಹೆಚ್ಚು ದಿನ ಕಾದವರು ಮೊದಲು. ಕಾಯಿಲೆ, ಇಕ್ಕಟ್ಟು, ತೇವದ ಗೋಡೆ ಏನಿದ್ದರೂ ವೈದ್ಯರ ಪತ್ರ, ಫೋಟೋ ಸಮೇತ ತಿಳಿಸದಿದ್ದರೆ ಬ್ಯಾಂಡ್ ಬದಲಾಗುವುದಿಲ್ಲ. ವರ್ಷಕ್ಕೊಮ್ಮೆ ನವೀಕರಿಸುವ ಪತ್ರಕ್ಕೆ ಉತ್ತರಿಸದೆ ಸರದಿಯನ್ನೇ ಕಳೆದುಕೊಂಡವರಿದ್ದಾರೆ.

ಖಾಸಗಿ ಮನೆ ಹೋಗಿ, ಕೌನ್ಸಿಲ್ ಮನೆ ಸಿಗದೆ ನಡುವೆ ಸಿಕ್ಕಿಕೊಂಡವರು ತಾತ್ಕಾಲಿಕ ವಸತಿಯಲ್ಲಿರುತ್ತಾರೆ. 2025ರ ಮಾರ್ಚ್‌ನಲ್ಲಿ ಅಂಥವರು 1,30,000 ಕುಟುಂಬಕ್ಕೂ ಹೆಚ್ಚು. ಆ ವಸತಿಗೆ ಕೇಂದ್ರ ಸರ್ಕಾರ ಕೌನ್ಸಿಲ್‌ಗಳಿಗೆ ತುಂಬಿಕೊಡುವುದು 2011ರ ಜನವರಿಯ ಎಲ್‌ಎಚ್‌ಎ ದರದ ಶೇ. 90 ಆಧಾರದ ಮೇಲೆ, ಇವತ್ತಿಗೂ. ಮಿಕ್ಕಿದ್ದನ್ನು ಕೌನ್ಸಿಲ್ ತನ್ನ ಗಂಟಿನಿಂದ ಹಾಕುತ್ತದೆ. ಹೊಸ ಮನೆ ಕಟ್ಟಬಹುದಾಗಿದ್ದ ದುಡ್ಡು ಹೋಟೆಲ್ ಕೋಣೆಗಳ ಬಾಡಿಗೆಯಾಗಿ ಹೋಗುತ್ತಿದೆ. ಮುಂದಿನ 56 ದಿನದೊಳಗೆ ಮನೆ ಹೋಗುವಂತಿದೆ ಎಂದು ಕೌನ್ಸಿಲ್‌ಗೆ ಹೋದರೆ, ಮನೆ ಉಳಿಸಲು ನೆರವಾಗುವುದು 2018ರಿಂದ ಅವರ ಕಾನೂನುಬದ್ಧ ಕರ್ತವ್ಯ. ನೋಟಿಸ್ ಕೈಗೆ ಬಂದ ದಿನವೇ ಹೋಗಿ.

ಕರ್ನಾಟಕದಿಂದ ಹೋದವರಿಗೆ ಒಂದು ಎಚ್ಚರಿಕೆ. ಕೆಲಸದ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಸಾಮಾನ್ಯವಾಗಿ 'ಸಾರ್ವಜನಿಕ ನಿಧಿಗೆ ಹಕ್ಕಿಲ್ಲ' ಎಂಬ ಷರತ್ತು ಇರುತ್ತದೆ. ಯೂನಿವರ್ಸಲ್ ಕ್ರೆಡಿಟ್, ಕೌನ್ಸಿಲ್ ಮನೆಯ ಹಂಚಿಕೆ ಎರಡೂ ಆ ನಿಧಿಯೊಳಗೆ ಬರುತ್ತವೆ. ಗೊತ್ತಿಲ್ಲದೆ ಅರ್ಜಿ ಹಾಕಿದರೆ ಮುಂದೆ ವೀಸಾಕ್ಕೇ ಕುತ್ತು. ಗಂಡನಿಗೆ ಶಾಶ್ವತ ನೆಲೆಯ ಅನುಮತಿ ಇದ್ದು ಹೆಂಡತಿಗೆ ಇಲ್ಲದ ಮನೆಗಳಲ್ಲಿ ಲೆಕ್ಕ ಜಟಿಲ, ವಲಸೆ ಕಾನೂನು ಬಲ್ಲವರನ್ನು ಕೇಳದೆ ಫಾರ್ಮ್ ತುಂಬಬೇಡಿ.

ಕೊನೆಯದಾಗಿ ತಾರೀಖಿನ ವಿಚಾರ. ಯೂನಿವರ್ಸಲ್ ಕ್ರೆಡಿಟ್‌ನ ತಿಂಗಳು ನೀವು ಅರ್ಜಿ ಹಾಕಿದ ದಿನದಿಂದ ಲೆಕ್ಕ. ನಿಮ್ಮದು 15ರಿಂದ ಮುಂದಿನ 14ರವರೆಗೆ ಎಂದುಕೊಳ್ಳಿ. ಆ ತಿಂಗಳ ಕೊನೆಯ ದಿನ ನೀವು ಯಾವ ಮನೆಯಲ್ಲಿದ್ದೀರೋ, ಇಡೀ ತಿಂಗಳಿಗೂ ಅದೇ ಮನೆಯ ಬಾಡಿಗೆ. ದುಬಾರಿ ಮನೆಯಿಂದ ಅಗ್ಗದ ಕೌನ್ಸಿಲ್ ಮನೆಗೆ 13ನೇ ತಾರೀಖು ಹೋದರೆ, ನಾಲ್ಕು ವಾರ ಕಳೆದ ದುಬಾರಿ ಮನೆಗೂ ಅಗ್ಗದ ಮನೆಯ ದುಡ್ಡೇ ಬರುತ್ತದೆ. ಎರಡು ಮೂರು ದಿನ ತಡೆದು 16ಕ್ಕೆ ಹೋದರೆ ಆ ಪೆಟ್ಟು ತಪ್ಪುತ್ತದೆ. ಕೀಲಿ ಪಡೆಯುವ ದಿನವನ್ನು ಒಂದೆರಡು ದಿನ ಮುಂದಕ್ಕೆ ಹಾಕಿ ಎಂದು ಕೌನ್ಸಿಲ್‌ನವರನ್ನು ಕೇಳಿದರೆ ಎಷ್ಟೋ ಸಲ ಒಪ್ಪುತ್ತಾರೆ. ಹಾಗೆಯೇ ಪ್ರತಿ ಏಪ್ರಿಲ್‌ನಲ್ಲಿ ಕೌನ್ಸಿಲ್ ಬಾಡಿಗೆ ಏರಿದಾಗ ಯೂನಿವರ್ಸಲ್ ಕ್ರೆಡಿಟ್‌ನ ನಿಮ್ಮ ಆನ್‌ಲೈನ್ ಖಾತೆಯ ಜರ್ನಲ್‌ನಲ್ಲಿ ಹೊಸ ಬಾಡಿಗೆ ತಿಳಿಸಿ ಎಂಬ ಕೆಲಸ ಕಾಣಿಸುತ್ತದೆ. ಹೊಸ ಬಾಡಿಗೆ ಜಾರಿಗೆ ಬಂದ ಮೇಲೆ, ಯೂನಿವರ್ಸಲ್ ಕ್ರೆಡಿಟ್‌ನ ಆ ತಿಂಗಳು ಮುಗಿಯುವ ಮುಂಚೆ ತುಂಬಿ. ಕೌನ್ಸಿಲ್ ಫೆಬ್ರವರಿ ಮಾರ್ಚ್‌ನಲ್ಲಿ ಕಳಿಸಿದ ಪತ್ರ ಎದುರಿಗಿಟ್ಟುಕೊಂಡು, ಬಾಡಿಗೆಯನ್ನೂ ಸರ್ವಿಸ್ ಚಾರ್ಜನ್ನೂ ಬೇರೆ ಬೇರೆ ಬರೆಯಿರಿ. ಒಂದು ತಿಂಗಳು ತಡವಾದರೆ ಆ ತಿಂಗಳ ಏರಿಕೆ ನಿಮ್ಮ ಜೇಬಿನಿಂದಲೇ.